ಪಾಸ್‌ವರ್ಡ್ ಕೇಳದೆ ನಿಂತುಹೋದ ಲಿನಕ್ಸ್

ಪ್ರಶ್ನೆ: ನಾಲ್ಕು ವರ್ಷದಿಂದ ಲ್ಯಾಪ್‌ಟಾಪ್‌ನಲ್ಲಿ ಉಬುಂಟು ಲಿನಕ್ಸ್ ಬಳಸುತ್ತಿದ್ದೇನೆ. ಹಾಕಿಕೊಳ್ಳುವಾಗಲೇ ಇಡೀ ಡಿಸ್ಕಿಗೆ ಪಾಸ್‌ವರ್ಡ್ ಇಟ್ಟಿದ್ದೆ. ಮೊನ್ನೆ ರಾತ್ರಿ ಅಪ್‌ಡೇಟ್‌ಗೆ ಒಪ್ಪಿಗೆ ಕೊಟ್ಟೆ. ಕೊನೆಯಲ್ಲಿ ಏನೋ ದೋಷದ ಸಂದೇಶ ಬಂದು ಹೋಯಿತು, ಓದಲಿಲ್ಲ. ಬೆಳಿಗ್ಗೆ ಆನ್ ಮಾಡಿದರೆ ಪಾಸ್‌ವರ್ಡನ್ನೂ ಕೇಳದೆ ಕಪ್ಪು ಪರದೆಯ ತುಂಬ ಬಿಳಿ ಅಕ್ಷರಗಳು. ಕೊನೆಯ ಸಾಲುಗಳಲ್ಲಿ ‘ಕರ್ನಲ್ ಪ್ಯಾನಿಕ್, ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್ ಬ್ಲಾಕ್ (0,0)’ ಎಂದಿದೆ. ಡಿಸ್ಕ್ ಹೋಗಿದೆ ಎಂದು ಒಬ್ಬರು, ಎಲ್ಲ ಅಳಿಸಿ ಹೊಸದಾಗಿ ಹಾಕು ಎಂದು ಇನ್ನೊಬ್ಬರು ಹೇಳುತ್ತಾರೆ. ನಾಲ್ಕು ವರ್ಷದ ಫೋಟೋ, ಬರಹ ಎಲ್ಲ ಅದರೊಳಗೇ ಇವೆ. ಏನು ಮಾಡಲಿ?

ಉತ್ತರ: ಮೊದಲನೆಯದಾಗಿ, ಅಳಿಸಬೇಡಿ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಸಲಹೆ ಅದು. ನಿಮ್ಮ ಫೋಟೋಗಳು ಇದ್ದ ಜಾಗದಲ್ಲೇ ಇವೆ ಎಂದು ಬಹುಮಟ್ಟಿಗೆ ಧೈರ್ಯವಾಗಿ ಹೇಳಬಲ್ಲೆ. ಆ ಧೈರ್ಯ ಕೊಟ್ಟದ್ದು ನೀವು ದೂರಿನ ಧಾಟಿಯಲ್ಲಿ ಬರೆದ ಒಂದು ಮಾತು: ‘ಪಾಸ್‌ವರ್ಡನ್ನೂ ಕೇಳದೆ’. ಈ ಇಡೀ ಪ್ರಕರಣದ ಸುಳಿವು ಅಲ್ಲೇ ಇದೆ. ಅದು ಹೇಗೆಂದು ತಿಳಿಯಲು ಗುಂಡಿ ಒತ್ತಿದ ಮೇಲೆ ಯಂತ್ರದೊಳಗೆ ಏನೇನು ನಡೆಯುತ್ತದೆ ಎಂಬುದನ್ನು ಒಮ್ಮೆ ನೋಡಬೇಕು.

ಸಾಲಾಗಿ ನಿಂತವರು ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವುದನ್ನು ನೋಡಿದ್ದೀರಲ್ಲ, ಬೂಟ್ ಆಗುವುದೂ, ಅಂದರೆ ಯಂತ್ರ ಏಳುವುದೂ, ಹಾಗೆಯೇ. ಮೊದಲು ಏಳುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಫರ್ಮ್‌ವೇರ್. ಹಳೆಯ ಯಂತ್ರಗಳಲ್ಲಿ ಅದು ಬಯಾಸ್, ಈಗಿನವುಗಳಲ್ಲಿ ಯುಇಎಫ್‌ಐ. ಅದು ಮೆಮೊರಿ, ಕೀಬೋರ್ಡ್, ಡಿಸ್ಕುಗಳನ್ನು ಎಣಿಸಿಕೊಂಡು, ಡಿಸ್ಕಿನ ಮೊದಲಲ್ಲಿರುವ ಚಿಕ್ಕದೊಂದು ಪಾರ್ಟಿಷನ್‌ನಿಂದ (ಡಿಸ್ಕಿನ ಒಂದು ವಿಭಾಗ) ಗ್ರಬ್ ಎಂಬ ಬೂಟ್‌ಲೋಡರನ್ನು ಎಬ್ಬಿಸುತ್ತದೆ. ಗ್ರಬ್ ಎರಡು ಫೈಲುಗಳನ್ನು ಮೆಮೊರಿಗೆ ತರುತ್ತದೆ: ಒಂದು ಲಿನಕ್ಸ್‌ನ ತಿರುಳಾದ ಕರ್ನಲ್, ಇನ್ನೊಂದು ಅದಕ್ಕೆ ನೆರವಾಗುವ ಇನಿಟ್‌ರ್ಯಾಮ್‌ಎಫ್‌ಎಸ್. ಕರ್ನಲ್ ಎದ್ದು ನಿಮ್ಮ ಮುಖ್ಯ ಪಾರ್ಟಿಷನನ್ನು ಹುಡುಕಿ, ಆಡಳಿತವನ್ನು ಸಿಸ್ಟಮ್‌ಡಿ ಎಂಬ ಪ್ರೋಗ್ರಾಮಿಗೆ ಒಪ್ಪಿಸುತ್ತದೆ. ಉಳಿದ ಪಾರ್ಟಿಷನ್‌ಗಳು, ನೆಟ್‌ವರ್ಕ್, ಲಾಗಿನ್ ಪರದೆ ಇವೆಲ್ಲ ಸಿಸ್ಟಮ್‌ಡಿಯ ಪಾಲಿನ ಕೆಲಸ.

ಇಟ್ಟಿಗೆ ಎಲ್ಲೋ ಒಂದು ಕೈಯಲ್ಲಿ ಜಾರುತ್ತದೆ. ಯಾರ ಕೈಯಲ್ಲಿ ಎಂಬುದನ್ನು ಪರದೆಯ ಕೊನೆಯ ಸಾಲು ಹೇಳುತ್ತದೆ. ಗ್ರಬ್‌ಗೆ ಮುಂಚೆ ಲಿಲೊ ಎಂಬ ಬೂಟ್‌ಲೋಡರ್ ಬಳಕೆಯಲ್ಲಿತ್ತು. ಅದು ತನ್ನ ಹೆಸರಿನ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಪರದೆಯ ಮೇಲೆ ಮೂಡಿಸುತ್ತಿತ್ತು. ಒಂದೇ ಅಕ್ಷರ ಬಂದು ನಿಂತರೆ ಮೊದಲ ಹಂತ ಮಾತ್ರ ಎದ್ದಿದೆ ಎಂದು ಅರ್ಥ. ಎರಡಕ್ಕೆ ನಿಂತರೆ ಎರಡನೆಯ ಹಂತವನ್ನು ಮೆಮೊರಿಗೆ ತಂದಿದೆ, ನಡೆಸಲಾಗಲಿಲ್ಲ ಎಂದು. ನಾಲ್ಕೂ ಬಂದರೆ ಎಲ್ಲ ಸರಿ. ಲಿಲೊ ಅಭಿವೃದ್ಧಿ 2015ರ ಕೊನೆಗೆ ನಿಂತಿತು. ಎಷ್ಟು ಅಕ್ಷರ ಮೂಡಿದೆ ಎಂದು ಎಣಿಸಿ ರೋಗ ಹೇಳುತ್ತಿದ್ದ ಆ ಅಭ್ಯಾಸ ಮಾತ್ರ ನನ್ನನ್ನು ಬಿಟ್ಟಿಲ್ಲ. ಇಂದಿನ ಯಂತ್ರಗಳು ಬಣ್ಣದ ಲೋಗೋ ತೋರಿಸಿ ಇದನ್ನೆಲ್ಲ ಮುಚ್ಚಿಡುತ್ತವೆ. ಬಳಸುವವರಿಗೆ ಅದು ಚೆಂದ, ರಿಪೇರಿ ಮಾಡುವವರಿಗೆ ಶತ್ರು.

ಈಗ ನಿಮ್ಮ ಯಂತ್ರ. ಬಿಳಿ ಅಕ್ಷರಗಳು ಕಾಣಿಸಿವೆ ಎಂದರೆ ಫರ್ಮ್‌ವೇರ್ ತನ್ನ ಕೆಲಸ ಮುಗಿಸಿದೆ, ಗ್ರಬ್ ಕೂಡ ಮುಗಿಸಿದೆ. ಪ್ಯಾನಿಕ್ ಎಂದು ಕೂಗಿದ್ದು ಕರ್ನಲ್, ಆದ್ದರಿಂದ ಅದೂ ಎದ್ದಿದೆ. ಎಡವಿದ್ದು ಮುಖ್ಯ ಪಾರ್ಟಿಷನನ್ನು ಹುಡುಕುವಾಗ. ಕರ್ನಲ್‌ಗೆ ಆ ಕೆಲಸ ಒಂಟಿಯಾಗಿ ಸಾಧ್ಯವಿಲ್ಲ. ಅದಕ್ಕೆ ಬೇಕಾದ ಡ್ರೈವರ್‌ಗಳು, ಬೀಗ ತೆಗೆಯುವ ಉಪಕರಣ, ಯಾವ ಪಾರ್ಟಿಷನ್ ಎಲ್ಲಿದೆ ಎಂದು ಹುಡುಕುವ ಸ್ಕ್ರಿಪ್ಟ್‌ಗಳು ಎಲ್ಲವನ್ನೂ ಕಟ್ಟಿಕೊಟ್ಟ ಬುತ್ತಿಗಂಟು ಇನಿಟ್‌ರ್ಯಾಮ್‌ಎಫ್‌ಎಸ್. ಡಿಸ್ಕಿನ ಪಾಸ್‌ವರ್ಡ್ ಕೇಳುವುದು ಈ ಗಂಟಿನೊಳಗಿನ ಪ್ರೋಗ್ರಾಮೇ. ಅದು ಕೇಳಲಿಲ್ಲ, ಅಂದರೆ ಗಂಟು ಬಿಚ್ಚಲೇ ಇಲ್ಲ. ‘ಅನ್‌ನೋನ್ ಬ್ಲಾಕ್ (0,0)’ ಹೇಳುವುದೂ ಇದನ್ನೇ. ಲಿನಕ್ಸ್‌ನಲ್ಲಿ ಪ್ರತಿ ಡಿಸ್ಕಿಗೂ ಒಂದು ಜೋಡಿ ಸಂಖ್ಯೆ ಇರುತ್ತದೆ. ಎರಡೂ ಸೊನ್ನೆಯಾದರೆ ‘ಯಾವ ಡಿಸ್ಕಿನ ಮಾತಾಡುತ್ತಿದ್ದೀರಿ, ನನಗೆ ತಿಳಿಯದು’ ಎಂದು ಕರ್ನಲ್ ಕೈಚೆಲ್ಲಿದಂತೆ. ಡಿಸ್ಕ್ ಸತ್ತಿದ್ದರೆ ಗ್ರಬ್‌ಗೆ ಕರ್ನಲ್ ಫೈಲನ್ನು ಅದೇ ಡಿಸ್ಕಿನಿಂದ ಓದಿ ತರಲು ಆಗುತ್ತಿತ್ತೇ?

ಗಂಟು ಏಕೆ ಕಾಣೆಯಾಯಿತು? ಡಿಸ್ಕಿಗೆ ಪಾಸ್‌ವರ್ಡ್ ಇಟ್ಟಾಗ ಉಬುಂಟು ಬೂಟ್ ಫೈಲುಗಳಿಗೆಂದು ಬೀಗವಿಲ್ಲದ ಪ್ರತ್ಯೇಕ ಪಾರ್ಟಿಷನ್ ಮಾಡುತ್ತದೆ. ಅದು ಚಿಕ್ಕದು. ಪ್ರತಿ ಹೊಸ ಕರ್ನಲ್ ಬಂದಾಗಲೂ ಅಲ್ಲಿ ಒಂದು ಕರ್ನಲ್ ಫೈಲೂ ಅದಕ್ಕಿಂತ ದೊಡ್ಡದಾದ ಇನಿಟ್‌ರ್ಯಾಮ್‌ಎಫ್‌ಎಸ್ ಫೈಲೂ ಸೇರುತ್ತವೆ. ಈ ಎರಡನೆಯದು ನೂರು ಎಂಬಿ ದಾಟುವುದೂ ಉಂಟು. ಹಳೆಯವನ್ನು ತೆಗೆಯುವ ವ್ಯವಸ್ಥೆ ಇದೆ, ಆದರೆ ಎಲ್ಲೋ ಒಮ್ಮೆ ಅದು ಹಿಂದುಳಿದರೆ ಪಾರ್ಟಿಷನ್ ಭರ್ತಿಯಾಗುತ್ತದೆ. ಕರ್ನಲ್ ಬಂದು ಕೂತಿತು, ಗಂಟು ಕಟ್ಟಲು ಜಾಗ ಸಾಲಲಿಲ್ಲ. ನೀವು ಓದದೆ ಬಿಟ್ಟ ಆ ಸಂದೇಶ ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’ ಎಂದೇ ಇದ್ದಿರಬೇಕು.

ಇದು ನನ್ನ ಊಹೆ. ಎರಡು ನಿಮಿಷದಲ್ಲಿ ನೀವೇ ಪರೀಕ್ಷಿಸಬಹುದು. ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲಿ ಬರೆಯುತ್ತೇನೆ, ಟೈಪ್ ಮಾಡುವಾಗ, ಬೇರೆ ಹೇಳದ ಕಡೆಯಲ್ಲೆಲ್ಲ, ಇಂಗ್ಲಿಷ್ ಸಣ್ಣಕ್ಷರ ಬಳಸಿ.

ಯಂತ್ರವನ್ನು ಮತ್ತೆ ಆನ್ ಮಾಡಿ, ಕಂಪನಿಯ ಲೋಗೋ ಮಾಯವಾಗುವ ಹೊತ್ತಿಗೆ ಎಸ್ಕೇಪ್ ಕೀಲಿಯನ್ನು ಒಮ್ಮೆ ಒತ್ತಿ. ಹಳೆಯ ಬಯಾಸ್ ಯಂತ್ರವಾದರೆ ಶಿಫ್ಟ್ ಹಿಡಿದುಕೊಳ್ಳಬೇಕು. ಗಾಬರಿಯಲ್ಲಿ ಎಸ್ಕೇಪನ್ನು ನಾಲ್ಕೈದು ಸಲ ಕುಟ್ಟಿದರೆ ಮೆನು ಬಿಟ್ಟು ‘ಗ್ರಬ್>’ ಎಂಬ ಖಾಲಿ ಸಾಲು ಬರುತ್ತದೆ. ಅದರಿಂದ ಏನೂ ಕೆಡುವುದಿಲ್ಲ, ರೀಸ್ಟಾರ್ಟ್ ಮಾಡಿ ಸಾವಧಾನವಾಗಿ ಇನ್ನೊಮ್ಮೆ ಪ್ರಯತ್ನಿಸಿ. ಮೆನು ಬಂದ ಮೇಲೆ ಮೊದಲ ಸಾಲಿನ ಮೇಲೆ ನಿಂತು ‘ಇ’ ಅಕ್ಷರದ ಕೀಲಿ ಒತ್ತಿ. ಅಲ್ಲಿ ‘ಲಿನಕ್ಸ್’ ಎಂದು ಶುರುವಾಗುವ ಉದ್ದನೆಯ ಸಾಲೊಂದು, ಅದರ ಕೆಳಗೆ ‘ಇನಿಟ್‌ಆರ್‌ಡಿ’ (ಆ ಗಂಟಿನ ಫೈಲಿಗೆ ಇಲ್ಲಿರುವ ಹೆಸರು) ಎಂದು ಶುರುವಾಗುವ ಸಾಲೊಂದು ಇರಬೇಕು. ಎರಡನೆಯದು ಇಲ್ಲದಿದ್ದರೆ ನನ್ನ ಊಹೆ ಸರಿ. ಇದ್ದರೂ ತಳ್ಳಿಹಾಕಲಾಗುವುದಿಲ್ಲ, ಫೈಲು ಅರ್ಧಕ್ಕೆ ತುಂಡಾಗಿರಬಹುದು. ಏನನ್ನೂ ಬದಲಿಸದೆ ಎಸ್ಕೇಪ್ ಒತ್ತಿ ಹಿಂದೆ ಬನ್ನಿ.

ಈಗ ಮೆನುವಿನ ಎರಡನೆಯ ಸಾಲು, ‘ಅಡ್ವಾನ್ಸ್‌ಡ್ ಆಪ್ಷನ್ಸ್ ಫಾರ್ ಉಬುಂಟು’. ಒಳಗೆ ಕರ್ನಲ್‌ಗಳ ಪಟ್ಟಿ ಇರುತ್ತದೆ, ಹೊಸದು ಮೇಲೆ, ಹಳೆಯದು ಕೆಳಗೆ. ಹಿಂದಿನ ಆವೃತ್ತಿಯನ್ನು ಆಯ್ದುಕೊಳ್ಳಿ, ಆವರಣದಲ್ಲಿ ‘ರಿಕವರಿ ಮೋಡ್’ ಎಂದಿಲ್ಲದ ಸಾಲನ್ನು. ಎಂಟರ್ ಒತ್ತಿದ ಮೇಲೆ ಪಾಸ್‌ವರ್ಡ್ ಕೇಳಿದರೆ ನೀವು ಗೆದ್ದಿರಿ. ಉಬುಂಟುವಿನಂಥ ಲಿನಕ್ಸ್ ವಿತರಣೆಗಳು ಹಳೆಯ ಕರ್ನಲ್ಲನ್ನು ಇಟ್ಟುಕೊಂಡಿರುವುದು ಇಂಥ ಬೆಳಗಿಗಾಗಿಯೇ. ಈ ಮೆನು ಇದೆ ಎಂಬುದನ್ನೇ ತಿಳಿಯದೆ ಡಿಸ್ಕ್ ಅಳಿಸಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಒಳಗೆ ಹೋದ ತಕ್ಷಣ ರಿಪೇರಿಗೆ ಕೈ ಹಾಕಬೇಡಿ. ಮೊದಲು ಫೋಟೋಗಳನ್ನೂ ಬರಹಗಳನ್ನೂ ಹೊರಗಿನ ಡಿಸ್ಕಿಗೆ ಪ್ರತಿ ಮಾಡಿಕೊಳ್ಳಿ. ನಾಲ್ಕು ವರ್ಷದ್ದು ಒಂದೇ ಕಡೆ ಇತ್ತು ಎಂದು ಬರೆದಿದ್ದೀರಿ, ಅದರ ಬಗ್ಗೆ ಹೆಚ್ಚು ಹೇಳಿ ನೋಯಿಸುವುದಿಲ್ಲ.

ಆಮೇಲೆ ಟರ್ಮಿನಲ್ (ಆಜ್ಞೆ ಟೈಪ್ ಮಾಡುವ ಕಿಟಕಿ) ತೆರೆದು ‘ಡಿಎಫ್ -ಎಚ್ /ಬೂಟ್’ ಎಂದು ಕೊಡಿ. ಬಳಕೆ ಶೇಕಡಾ 100 ಅಥವಾ ಅದರ ಹತ್ತಿರ ಇದ್ದರೆ ಕಾರಣ ಸಿಕ್ಕಿತು. ‘ಯುನೇಮ್ -ಆರ್’ ಎಂದರೆ ಈಗ ನಡೆಯುತ್ತಿರುವ ಕರ್ನಲ್ ಆವೃತ್ತಿ ಬರುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ, ಅದೊಂದನ್ನು ಯಾವ ಕಾರಣಕ್ಕೂ ತೆಗೆಯಬಾರದು. ನಂತರ, ಬೇಡವಾದ ಹಳೆಯ ಕರ್ನಲ್‌ಗಳನ್ನು ತೆಗೆಯಲು, ‘ಸುಡೊ ಆಪ್ಟ್ ಆಟೊರಿಮೂವ್ --ಪರ್ಜ್’. ಏನೇನು ತೆಗೆಯುತ್ತೇನೆ ಎಂದು ಅದು ಪಟ್ಟಿ ಕೊಟ್ಟು ಒಪ್ಪಿಗೆ ಕೇಳುತ್ತದೆ. ಪಟ್ಟಿಯನ್ನು ಈ ಸಲವಾದರೂ ಓದಿ.

ಇಲ್ಲೊಂದು ಸಿಕ್ಕು ಬೀಳುವುದುಂಟು. ಅರ್ಧ ಮುಗಿದ ಕರ್ನಲ್ ಇರುವುದರಿಂದ ಆಪ್ಟ್ (ಉಬುಂಟುವಿನಲ್ಲಿ ತಂತ್ರಾಂಶ ಹಾಕುವ, ತೆಗೆಯುವ ಸಾಧನ) ‘ಮೊದಲು ಅದನ್ನು ಮುಗಿಸು’ ಎನ್ನುತ್ತದೆ. ಮುಗಿಸಲು ಹೋದರೆ ಜಾಗವಿಲ್ಲ. ಜಾಗ ಮಾಡಲು ಆಪ್ಟ್ ಬೇಕು. ಹಾಗಾದಾಗ ಬೂಟ್ ಫೋಲ್ಡರಿನಿಂದ ಅತಿ ಹಳೆಯ ಆವೃತ್ತಿಯ ಇನಿಟ್‌ಆರ್‌ಡಿ ಫೈಲೊಂದನ್ನು, ನೀವು ಬರೆದಿಟ್ಟುಕೊಂಡ ಆವೃತ್ತಿಯದಲ್ಲ ಎಂದು ಎರಡೆರಡು ಸಲ ನೋಡಿಕೊಂಡು, ನಿಮ್ಮ ಹೋಮ್ ಫೋಲ್ಡರಿಗೆ ಸ್ಥಳಾಂತರಿಸಿ. ಅಳಿಸುವುದು ಬೇಡ, ಸ್ಥಳಾಂತರ ಸಾಕು. ಈಗ ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’ ಕೊಟ್ಟರೆ ಬಾಕಿ ಕೆಲಸ ಮುಗಿಯುತ್ತದೆ. ಅದರ ಮೇಲೆ ಆಟೊರಿಮೂವ್. ಹೊಸ ಕರ್ನಲ್‌ಗೆ ಇನ್ನೂ ಗಂಟು ಕಟ್ಟಿಲ್ಲವಾದರೆ ‘ಸುಡೊ ಅಪ್‌ಡೇಟ್-ಇನಿಟ್‌ರ್ಯಾಮ್‌ಎಫ್‌ಎಸ್ -ಸಿ -ಕೆ’ ಎಂದು ಬರೆದು ಮುಂದೆ ಆ ಆವೃತ್ತಿಯ ಪೂರ್ತಿ ಹೆಸರು ಕೊಡಿ. ಕೊನೆಗೆ ‘ಸುಡೊ ಅಪ್‌ಡೇಟ್-ಗ್ರಬ್’. ಬೇರೆ ಲಿನಕ್ಸ್ ವಿತರಣೆಗಳಲ್ಲಿ, ಫೆಡೊರಾ ಬಳಸುವವರು ಗಂಟು ಕಟ್ಟಲು ಡ್ರಾಕಟ್ ಎಂಬುದನ್ನೂ ಆರ್ಚ್‌ನವರು ಸಾಮಾನ್ಯವಾಗಿ ಎಂಕೆಇನಿಟ್‌ಸಿಪಿಐಒ ಎಂಬುದನ್ನೂ ಬಳಸುತ್ತಾರೆ. ಹೆಸರು ಬೇರೆ, ಕೆಲಸ ಒಂದೇ.

ರೀಸ್ಟಾರ್ಟ್ ಮಾಡುವ ಮುನ್ನ ‘ಎಲ್‌ಎಸ್ -ಎಲ್‌ಎಚ್ /ಬೂಟ್’ ಕೊಟ್ಟು ಫೈಲುಗಳ ಸಾಲನ್ನು ನೋಡಿ. ಪ್ರತಿ ಕರ್ನಲ್‌ಗೂ ಅದೇ ಆವೃತ್ತಿಯ ಇನಿಟ್‌ಆರ್‌ಡಿ ಜೊತೆಗಿರಬೇಕು, ಅವುಗಳ ಗಾತ್ರ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು 90 ಎಂಬಿ ಇದ್ದು ಇನ್ನೊಂದು 12 ಎಂಬಿ ಇದ್ದರೆ ಆ ಚಿಕ್ಕದು ತುಂಡಾಗಿದೆ.

ಪಟ್ಟಿಯಲ್ಲಿ ಹಳೆಯ ಕರ್ನಲ್ಲೇ ಇಲ್ಲದಿದ್ದರೆ? ಆಗ ಲೈವ್ ಯುಎಸ್‌ಬಿ ಬೇಕು. ಬೇರೊಂದು ಯಂತ್ರದಲ್ಲಿ ಉಬುಂಟುವಿನ ಐಎಸ್‌ಒ ಫೈಲನ್ನು ಪೆನ್ ಡ್ರೈವಿಗೆ ಬರೆದು ಅದರಿಂದ ಬೂಟ್ ಮಾಡಿ, ‘ಟ್ರೈ ಉಬುಂಟು’ ಆಯ್ದುಕೊಳ್ಳಿ. ‘ಇನ್‌ಸ್ಟಾಲ್’ ಕಡೆಗೆ ಕೈ ಹೋಗದಿರಲಿ. ಡಿಸ್ಕಿನ ಬೀಗವನ್ನು ‘ಕ್ರಿಪ್ಟ್‌ಸೆಟಪ್ ಓಪನ್’ ಆಜ್ಞೆಯಿಂದ ತೆಗೆದು, ‘ವಿಜಿಚೇಂಜ್ -ಎವೈ’ ಎಂದು ಒಳಗಿನ ಎಲ್‌ವಿಎಂ ವಿಭಾಗಗಳನ್ನು ಎಬ್ಬಿಸಬೇಕು. ಮುಖ್ಯ ಪಾರ್ಟಿಷನನ್ನು ‘/ಎಂಎನ್‌ಟಿ’ಗೆ, ಬೂಟ್ ಪಾರ್ಟಿಷನನ್ನು ಅದರೊಳಗಿನ ಬೂಟ್ ಫೋಲ್ಡರಿಗೆ, ಇಎಫ್‌ಐ ಪಾರ್ಟಿಷನನ್ನು ಅದರೊಳಗಿನ ಇಎಫ್‌ಐಗೆ ಮೌಂಟ್ ಮಾಡಬೇಕು, ಅಂದರೆ ಜೋಡಿಸಬೇಕು. ಡೆವ್, ಪ್ರಾಕ್, ಸಿಸ್, ರನ್ ಈ ನಾಲ್ಕು ಫೋಲ್ಡರುಗಳನ್ನು ಬೈಂಡ್ ಮಾಡಿ (ಅಲ್ಲೂ ಕಾಣುವಂತೆ ಜೋಡಿಸಿ) ‘ಸಿಎಚ್‌ರೂಟ್’ ಎಂದರೆ ಪೆನ್ ಡ್ರೈವಿನಿಂದ ಎದ್ದರೂ ನಿಮ್ಮ ಉಬುಂಟುವಿನೊಳಗೇ ಕುಳಿತಂತೆ. ಮುಂದಿನದೆಲ್ಲ ಮೇಲೆ ಹೇಳಿದ್ದೇ.

ಬೀಗ ತೆಗೆಯುವಾಗ ಒಂದು ಹೆಸರು ಕೊಡಬೇಕಾಗುತ್ತದೆ. ಬಾಯಿಗೆ ಬಂದ ಹೆಸರು ಕೊಟ್ಟರೂ ಡಿಸ್ಕ್ ತೆರೆಯುತ್ತದೆ, ಆದರೆ ಮುಂದೆ ಕಟ್ಟುವ ಗಂಟಿನಲ್ಲಿ ಬೀಗ ತೆಗೆಯುವ ಉಪಕರಣವೇ ಸೇರದೆ ಹೋಗಬಹುದು. ನಿಮ್ಮ ಸಿಸ್ಟಮ್ಮಿನ ‘/ಇಟಿಸಿ/ಕ್ರಿಪ್ಟ್‌ಟ್ಯಾಬ್’ ಫೈಲಿನಲ್ಲಿ ಮೊದಲ ಅಂಕಣದಲ್ಲಿರುವ ಹೆಸರನ್ನೇ ಕೊಡಬೇಕು. ಹೆಸರು ತಿಳಿಯದಿದ್ದರೆ ಒಮ್ಮೆ ಏನಾದರೊಂದು ಹೆಸರಿನಿಂದ ತೆರೆದು, ಆ ಫೈಲನ್ನು ಓದಿ, ಮುಚ್ಚಿ, ಸರಿಯಾದ ಹೆಸರಿನಿಂದ ಮತ್ತೆ ತೆರೆಯಿರಿ. ನಾನು ಇದನ್ನು ಕಲಿತದ್ದು ಒಂದು ಇಡೀ ರಾತ್ರಿ ಕಳೆದುಕೊಂಡು.

ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲಿಗೆ ಮುಗಿಯಿತು. ಆದರೆ ‘ಲಿನಕ್ಸ್ ಬೂಟ್ ಆಗುತ್ತಿಲ್ಲ’ ಎಂದಷ್ಟೇ ಬರೆದು ಕಳಿಸುವ ಓದುಗರೂ ಇದ್ದಾರೆ. ವೈದ್ಯರ ಬಳಿ ಹೋಗಿ ‘ಆರಾಮಿಲ್ಲ’ ಎಂದಷ್ಟೇ ಹೇಳಿದಂತೆ ಅದು. ಅವರಿಗಾಗಿ, ಬೇರೆ ಕೈಗಳಲ್ಲಿ ಇಟ್ಟಿಗೆ ಜಾರಿದರೆ ಏನು ಕಾಣುತ್ತದೆ ಎಂಬುದನ್ನೂ ಬರೆಯುತ್ತೇನೆ.

ಪರದೆಯಲ್ಲಿ ಏನೂ ಇಲ್ಲ, ಕಂಪನಿಯ ಲೋಗೋ ಕೂಡ ಬರುತ್ತಿಲ್ಲ, ಬೀಪ್ ಸದ್ದು ಬರುತ್ತಿದೆ ಎಂದಾದರೆ ಅದು ಲಿನಕ್ಸ್‌ನ ಸಮಸ್ಯೆಯೇ ಅಲ್ಲ. ಮೆಮೊರಿಯ (ರ್ಯಾಮ್) ಪಟ್ಟಿಯನ್ನು ಅದರ ಕಂಡಿಯಿಂದ ತೆಗೆದು ಮತ್ತೆ ಕೂರಿಸಿ, ಹೊರಗಿನ ಸಾಧನಗಳನ್ನೆಲ್ಲ ಕಳಚಿ ನೋಡಿ.

ಲೋಗೋ ಬಂದು ‘ನೋ ಬೂಟಬಲ್ ಡಿವೈಸ್’ ಎಂದರೆ ಫರ್ಮ್‌ವೇರ್‌ಗೆ ಡಿಸ್ಕ್ ಅಥವಾ ಬೂಟ್‌ಲೋಡರ್ ಸಿಕ್ಕಿಲ್ಲ. ಫರ್ಮ್‌ವೇರ್ ಸೆಟಪ್ಪಿಗೆ ಹೋಗಿ ಡಿಸ್ಕಿನ ಹೆಸರು ಕಾಣುತ್ತದೆಯೇ ನೋಡಬೇಕು. ಕಾಣದಿದ್ದರೆ ಕೇಬಲ್ ಅಥವಾ ಡಿಸ್ಕ್. ಕಂಡರೆ ಅಲ್ಲಿನ ಗಡಿಯಾರದ ಕಡೆ ಒಮ್ಮೆ ಕಣ್ಣು ಹಾಯಿಸಿ. ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ನಾಣ್ಯದಂಥ ಚಿಕ್ಕ ಬ್ಯಾಟರಿ ಸತ್ತಿದೆ, ಅದರ ಜೊತೆಗೆ ಸೆಟ್ಟಿಂಗ್‌ಗಳೂ ಕಾರ್ಖಾನೆಯ ಸ್ಥಿತಿಗೆ ಮರಳಿವೆ. ಯುಇಎಫ್‌ಐ ಇದ್ದದ್ದು ಲೆಗಸಿ (ಹಳೆಯ ಬಯಾಸ್ ರೀತಿ) ಆಗಿರಬಹುದು, ಡಿಸ್ಕಿನೊಡನೆ ಮಾತಾಡುವ ರೀತಿ ಎಎಚ್‌ಸಿಐ ಇದ್ದದ್ದು ರೇಡ್ ಆಗಿರಬಹುದು. ಅವನ್ನು ಹಿಂದಿನಂತೆ ಮಾಡಿದರೆ ಸತ್ತೇ ಹೋಗಿತ್ತು ಎಂದುಕೊಂಡ ಯಂತ್ರ ಎದ್ದು ಕೂರುತ್ತದೆ.

ವಿಂಡೋಸ್ ಜೊತೆ ಲಿನಕ್ಸ್ ಇಟ್ಟುಕೊಂಡವರಿಗೆ ಇನ್ನೊಂದು ಬಗೆ. ವಿಂಡೋಸ್ ತನ್ನನ್ನೇ ಬೂಟ್ ಪಟ್ಟಿಯ ಮೊದಲಿಗೆ ಹಾಕಿಕೊಂಡಿದ್ದರೆ ಫರ್ಮ್‌ವೇರಿನ ಬೂಟ್ ಕ್ರಮದಲ್ಲಿ ಉಬುಂಟುವನ್ನು ಮೇಲಕ್ಕೆ ತಂದರೆ ಆಯಿತು. 2024ರ ಆಗಸ್ಟ್‌ನ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಕೆಲವು ಯಂತ್ರಗಳಲ್ಲಿ ‘ಎಸ್‌ಬ್ಯಾಟ್ ಸೆಲ್ಫ್ ಚೆಕ್ ಫೇಲ್ಡ್’ ಎಂಬ ಸಂದೇಶ ಬಂದು ಲಿನಕ್ಸ್ ನಿಂತುಹೋಗಿತ್ತು. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಬೂಟ್‌ಲೋಡರನ್ನು ತಡೆಯುವ ಫರ್ಮ್‌ವೇರಿನ ಕಾವಲು) ಜಾರಿಯಲ್ಲಿದ್ದಾಗ ಹಳೆಯ ಶಿಮ್ ಫೈಲನ್ನು (ಗ್ರಬ್‌ಗೂ ಮುಂಚೆ ಏಳುವ ಚಿಕ್ಕ ಬೂಟ್‌ಲೋಡರ್) ನಂಬಬಾರದು ಎಂಬ ನಿಯಮ ಫರ್ಮ್‌ವೇರಿನ ನೆನಪಿನಲ್ಲಿ ಕೂತದ್ದರ ಫಲ ಅದು. ಸೆಕ್ಯೂರ್ ಬೂಟನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಲಿನಕ್ಸಿಗೆ ಹೋಗಿ, ವಿತರಣೆಯ ಹೊಸ ಶಿಮ್ ಹಾಕಿಕೊಂಡು ಮತ್ತೆ ಜಾರಿ ಮಾಡಬೇಕು. ನಿಲ್ಲಿಸಿದ್ದನ್ನು ಹಾಗೇ ಬಿಡುವವರೇ ಹೆಚ್ಚು.

‘ಗ್ರಬ್ ರೆಸ್ಕ್ಯೂ>’ ಎಂಬ ಸಾಲು ಬಂದರೆ ಗ್ರಬ್ ಅರ್ಧ ಎದ್ದಿದೆ, ತನ್ನ ಉಳಿದ ಭಾಗಗಳಿರುವ ಫೋಲ್ಡರ್ ಸಿಗುತ್ತಿಲ್ಲ. ಪಾರ್ಟಿಷನ್ ಅಳಿಸಿದವರಿಗೆ, ಹಿಗ್ಗಿಸಿ ಕುಗ್ಗಿಸಿದವರಿಗೆ ಹೆಚ್ಚಾಗಿ ಬರುವುದಿದು. ‘ಎಲ್‌ಎಸ್’ ಎಂದರೆ ಪಾರ್ಟಿಷನ್‌ಗಳ ಪಟ್ಟಿ ಬರುತ್ತದೆ. ಗ್ರಬ್ ಡಿಸ್ಕುಗಳನ್ನು ಸೊನ್ನೆಯಿಂದಲೂ ಪಾರ್ಟಿಷನ್‌ಗಳನ್ನು ಒಂದರಿಂದಲೂ ಎಣಿಸುತ್ತದೆ, ಏಕೆಂದು ನನ್ನನ್ನು ಕೇಳಬೇಡಿ. ಒಂದೊಂದನ್ನೇ ‘ಎಲ್‌ಎಸ್’ ಮಾಡಿ ಬೂಟ್ ಒಳಗಿನ ಗ್ರಬ್ ಫೋಲ್ಡರ್ ಯಾವುದರಲ್ಲಿದೆ ಎಂದು ಹುಡುಕಿ, ‘ಸೆಟ್ ಪ್ರಿಫಿಕ್ಸ್=(ಎಚ್‌ಡಿ0,ಜಿಪಿಟಿ2)/ಬೂಟ್/ಗ್ರಬ್’ ಎಂಬಂತೆ ದಾರಿ ತೋರಿಸಿ, ‘ಇನ್ಸ್‌ಮಾಡ್ ನಾರ್ಮಲ್’, ಆಮೇಲೆ ‘ನಾರ್ಮಲ್’ ಎಂದರೆ ಮೆನು ಬರುತ್ತದೆ. ಅದು ಆ ಒಂದು ಸಲಕ್ಕೆ ಮಾತ್ರ. ಒಳಗೆ ಹೋಗಿ ‘ಗ್ರಬ್-ಇನ್‌ಸ್ಟಾಲ್’ ಮತ್ತು ‘ಅಪ್‌ಡೇಟ್-ಗ್ರಬ್’ ಮಾಡದಿದ್ದರೆ ನಾಳೆ ಮತ್ತೆ ಇದೇ ಪಾಡು.

‘(ಇನಿಟ್‌ರ್ಯಾಮ್‌ಎಫ್‌ಎಸ್)’ ಎಂದು ಆವರಣದಲ್ಲಿ ಬರೆದು ಕರ್ಸರ್ ಮಿಣುಕುತ್ತಿದ್ದರೆ ಅದು ನಿಮ್ಮ ಸಮಸ್ಯೆಗೆ ಉಲ್ಟಾ. ಗಂಟು ಬಿಚ್ಚಿದೆ, ಉಪಕರಣಗಳು ಎದ್ದಿವೆ, ಮುಖ್ಯ ಪಾರ್ಟಿಷನ್ ಸಿಕ್ಕಿಲ್ಲ ಅಥವಾ ಸಿಕ್ಕರೂ ಒಳಗೆ ಅಸ್ತವ್ಯಸ್ತವಾಗಿದೆ. ಅಲ್ಲಿ ‘ಎಕ್ಸಿಟ್’ ಎಂದು ಟೈಪ್ ಮಾಡಿದರೆ ಕಾರಣವನ್ನು ಇನ್ನೊಮ್ಮೆ ಹೇಳುತ್ತದೆ. ‘ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಯಲಿ’ ಎಂದಿದ್ದರೆ ಕರೆಂಟು ಹೋಗಿ ಅಥವಾ ಪವರ್ ಗುಂಡಿ ಹಿಡಿದು ಆರಿಸಿ ಫೈಲ್ ವ್ಯವಸ್ಥೆ, ಅಂದರೆ ಯಾವ ಫೈಲು ಎಲ್ಲಿದೆ ಎಂಬ ಡಿಸ್ಕಿನ ಲೆಕ್ಕಪುಸ್ತಕ, ಕೆಟ್ಟಿರುವುದು ಸಾಮಾನ್ಯ ಕಾರಣ. ಅದೇ ಸಾಲಿನಲ್ಲಿರುವ ಡಿಸ್ಕಿನ ಹೆಸರು ಕೊಟ್ಟು ‘ಎಫ್‌ಎಸ್‌ಸಿಕೆ -ವೈ’ ಎಂದರೆ ಬಹಳ ಸಲ ಸರಿಹೋಗುತ್ತದೆ. ಎಲ್ಲ ಕಡೆಯೂ ಇಷ್ಟನ್ನೇ ಹೇಳಿ ಬಿಡುತ್ತಾರೆ.

ನಾನು ಅಷ್ಟಕ್ಕೇ ಬಿಡಲಾರೆ. ಎಫ್‌ಎಸ್‌ಸಿಕೆ ಓಡಿಸುವ ಮುನ್ನ ಪರದೆಯ ಮೇಲಿನ ಸಾಲುಗಳಲ್ಲಿ ‘ಐ/ಒ ಎರರ್’ ಎಂಬ ಪದ ಇದೆಯೇ ನೋಡಿ. ಇದ್ದರೆ ಕೆಟ್ಟಿರುವುದು ಲೆಕ್ಕಪುಸ್ತಕವಲ್ಲ, ಪುಸ್ತಕದ ಕಾಗದವೇ. ಎಫ್‌ಎಸ್‌ಸಿಕೆ ದುರಸ್ತಿಗಾರ, ಅದು ಡಿಸ್ಕಿನ ಮೇಲೆ ಬರೆಯುತ್ತದೆ. ಸಾಯುತ್ತಿರುವ ಡಿಸ್ಕಿನ ಮೇಲೆ ಅದನ್ನು ಬಿಟ್ಟರೆ ಓದಲಾಗದ ಭಾಗಗಳನ್ನು ಖಾಲಿ ಎಂದು ಎಣಿಸಿ ಇದ್ದ ಫೈಲುಗಳ ಸಂಬಂಧವನ್ನೂ ಕಡಿದುಹಾಕುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಹಾಗೆ ಮಾಡಿ, ಒಬ್ಬರ ಸಾವಿರಾರು ಫೈಲುಗಳು ಹೆಸರು ಕಳೆದುಕೊಂಡು ಬರೀ ಅಂಕಿಗಳಾಗಿ ‘ಲಾಸ್ಟ್+ಫೌಂಡ್’ ಫೋಲ್ಡರಿಗೆ ಬಂದು ಬಿದ್ದಿದ್ದವು. ಅವನ್ನು ತೆರೆದು ತೆರೆದು ಇದು ಯಾವುದೆಂದು ಕೇಳುತ್ತ ಅವರ ಎದುರು ಕುಳಿತಿದ್ದ ದಿನಗಳು ಇನ್ನೂ ನೆನಪಿವೆ.

ಅಂಥ ಡಿಸ್ಕಿಗೆ ಮೊದಲು ಮಾಡಬೇಕಾದ್ದು ಪ್ರತಿ. ಲೈವ್ ಯುಎಸ್‌ಬಿಯಿಂದ ಎದ್ದು, ಅಷ್ಟೇ ಅಥವಾ ಹೆಚ್ಚು ಗಾತ್ರದ ಇನ್ನೊಂದು ಡಿಸ್ಕಿಗೆ ಗ್ನೂ ಡಿಡಿರೆಸ್ಕ್ಯೂ ಬಳಸಿ ನಕಲು ತೆಗೆಯಬೇಕು. ಅದು ಜಾಣ ಸಾಧನ. ಸುಲಭವಾಗಿ ಓದಲಾಗುವ ಭಾಗಗಳನ್ನು ಮೊದಲು ಎತ್ತಿಕೊಂಡು, ಮೊಂಡು ಹಿಡಿದ ಭಾಗಗಳಿಗೆ ಕೊನೆಯಲ್ಲಿ ಮರಳುತ್ತದೆ. ಎಲ್ಲಿಯವರೆಗೆ ಬಂದಿದ್ದೇನೆ ಎಂದು ಒಂದು ಫೈಲಿನಲ್ಲಿ ಗುರುತಿಟ್ಟುಕೊಳ್ಳುವುದರಿಂದ ನಡುವೆ ನಿಲ್ಲಿಸಿ ಮುಂದುವರಿಸಲೂಬಹುದು. ಎಫ್‌ಎಸ್‌ಸಿಕೆಯನ್ನು ಆ ನಕಲಿನ ಮೇಲೆ ಓಡಿಸಿ. ಡಿಸ್ಕಿನ ಆರೋಗ್ಯ ತಿಳಿಯಲು ‘ಸ್ಮಾರ್ಟ್‌ಸಿಟಿಎಲ್ -ಎ’ ಇದೆ. ತಿರುಗುವ ಹಾರ್ಡ್‌ಡಿಸ್ಕಿನಲ್ಲಿ ‘ಕರೆಂಟ್ ಪೆಂಡಿಂಗ್ ಸೆಕ್ಟರ್’ ಮತ್ತು ‘ರಿಅಲೊಕೇಟೆಡ್ ಸೆಕ್ಟರ್’ ಎದುರಿನ ಕೊನೆಯ ಅಂಕಣದಲ್ಲಿ ಸೊನ್ನೆ ಇರಬೇಕು. ತಿರುಗುವ ಭಾಗವಿಲ್ಲದ ಎನ್‌ವಿಎಂಇ ಡಿಸ್ಕಿನಲ್ಲಿ ‘ಮೀಡಿಯಾ ಅಂಡ್ ಡೇಟಾ ಇಂಟೆಗ್ರಿಟಿ ಎರರ್ಸ್’ ಎಂಬ ಸಾಲನ್ನು ನೋಡಿ. ಆ ಅಂಕಿ ದಿನದಿಂದ ದಿನಕ್ಕೆ ಏರುತ್ತಿದ್ದರೆ ರಿಪೇರಿಯ ಮಾತು ಬಿಟ್ಟು ಹೊಸ ಡಿಸ್ಕ್ ತನ್ನಿ.

‘ಎಮರ್ಜೆನ್ಸಿ ಮೋಡ್’ ಎಂಬ ಸಂದೇಶ ಹೆದರಿಸುವಷ್ಟು ದೊಡ್ಡ ರೋಗವನ್ನು ಹೇಳುವುದು ಕಡಿಮೆ. ಅದಕ್ಕೆ ಮುಂಚೆ ‘ಎ ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್’ ಎಂದು ಒಂದೂವರೆ ನಿಮಿಷ ಎಣಿಸುತ್ತ ನಿಂತಿದ್ದರೆ ನೂರಕ್ಕೆ ತೊಂಬತ್ತು ಸಲ ತಪ್ಪಿತಸ್ಥ ‘/ಇಟಿಸಿ/ಎಫ್‌ಎಸ್‌ಟ್ಯಾಬ್’ ಫೈಲು. ಯಾವ ಯಾವ ಪಾರ್ಟಿಷನ್ ಎಲ್ಲಿ ಮೌಂಟ್ ಆಗಬೇಕು ಎಂಬ ಪಟ್ಟಿ ಅದು. ಹಿಂದೊಮ್ಮೆ ಹಚ್ಚಿದ್ದ ಹೊರಗಿನ ಡಿಸ್ಕಿನ ಹೆಸರು ಅಲ್ಲಿ ಉಳಿದುಕೊಂಡಿದೆ, ಡಿಸ್ಕ್ ಈಗ ಇಲ್ಲ. ಸಿಸ್ಟಮ್‌ಡಿ 90 ಸೆಕೆಂಡು ಕಾದು, ಬರಲಿಲ್ಲ ಎಂದು ಮುಂದೆ ಹೋಗಲು ನಿರಾಕರಿಸಿತು. ಬೆಟ್ಟ ಅಗೆದು ಇಲಿ ಹಿಡಿದಂತೆ, ಎರಡು ದಿನ ಹುಡುಕಿದ ಮೇಲೆ ಸಿಗುವುದು ಒಂದು ಸಾಲು. ‘ಮೌಂಟ್ -ಒ ರಿಮೌಂಟ್,ಆರ್‌ಡಬ್ಲ್ಯು /’ ಎಂದು ಬರೆಯುವ ಅನುಮತಿ ಪಡೆದು, ನ್ಯಾನೊ ಎಂಬ ಎಡಿಟರಿನಲ್ಲಿ ಆ ಫೈಲನ್ನು ತೆರೆದು, ಆ ಸಾಲಿನ ಮುಂದೆ ಹ್ಯಾಷ್ ಗುರುತು ಹಾಕಿ. ಆಗಾಗ ತೆಗೆದು ಹಾಕುವ ಡಿಸ್ಕಾದರೆ ಆಯ್ಕೆಗಳ ಅಂಕಣದಲ್ಲಿ ‘ನೋಫೇಲ್’ ಸೇರಿಸಿ, ಆಗ ಡಿಸ್ಕ್ ಇಲ್ಲದಿದ್ದರೂ ಬೂಟ್ ಮುಂದುವರಿಯುತ್ತದೆ. ಕೆಲವು ವಿತರಣೆಗಳಲ್ಲಿ ರೂಟ್ ಎಂಬ ಆಡಳಿತಗಾರನ ಖಾತೆಗೆ ಬೀಗ ಇರುವುದರಿಂದ ಎಮರ್ಜೆನ್ಸಿ ಮೋಡ್ ಒಳಗೇ ಬಿಡುವುದಿಲ್ಲ. ಲೈವ್ ಯುಎಸ್‌ಬಿಯಿಂದ ಎದ್ದು ಅದೇ ಫೈಲನ್ನು ತಿದ್ದಿದರೆ ಫಲ ಒಂದೇ.

ಎಲ್ಲ ಹಂತ ದಾಟಿ, ಲಾಗಿನ್ ಪರದೆ ಬರಬೇಕಾದ ಹೊತ್ತಿಗೆ ಬರೀ ಕತ್ತಲೆ ಎಂದಾದರೆ ಅದನ್ನು ಬೂಟ್ ಸಮಸ್ಯೆ ಎನ್ನಲು ನನಗೆ ಮನಸ್ಸಿಲ್ಲ. ಯಂತ್ರ ಎದ್ದಿದೆ, ಮುಖ ತೋರಿಸುತ್ತಿಲ್ಲ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಅಕ್ಷರಗಳ ಲಾಗಿನ್ ಬರಬಹುದು. ಬಂದರೆ ಮೊದಲು ‘ಡಿಎಫ್ -ಎಚ್’. ಮುಖ್ಯ ಪಾರ್ಟಿಷನ್ ತುಂಬಿದ್ದರೆ ಡೆಸ್ಕ್‌ಟಾಪ್ ತನ್ನ ಚಿಕ್ಕಪುಟ್ಟ ಫೈಲುಗಳನ್ನು ಬರೆಯಲಾಗದೆ ಪಾಸ್‌ವರ್ಡ್ ಒಪ್ಪಿಕೊಂಡು ಮತ್ತೆ ಲಾಗಿನ್ನಿಗೇ ತಂದು ನಿಲ್ಲಿಸುತ್ತದೆ. ಇಎಕ್ಸ್‌ಟಿ4 ಎಂಬ ಫೈಲ್ ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಶೇಕಡಾ 5ರಷ್ಟು ಜಾಗ ರೂಟ್‌ಗೆಂದು ಮೀಸಲಿರುವುದರಿಂದ ಉಳಿದ ಸೇವೆಗಳು ನಡೆಯುತ್ತಲೇ ಇರುತ್ತವೆ, ಹಾಗಾಗಿ ಅನುಮಾನ ಬೇರೆ ಕಡೆ ಹೋಗುತ್ತದೆ. ಜಾಗ ಇದ್ದರೆ ಗ್ರಾಫಿಕ್ಸ್ ಡ್ರೈವರ್ ಕಡೆ ನೋಡಿ. ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಲಿನಕ್ಸ್’ ಸಾಲಿನ ಕೊನೆಯ ‘ಕ್ವಯಟ್ ಸ್ಪ್ಲ್ಯಾಷ್’ ಎಂಬ ಎರಡು ಪದ ಅಳಿಸಿ ‘ನೋಮೋಡ್‌ಸೆಟ್’ ಬರೆದು, ಕಂಟ್ರೋಲ್ ಎಕ್ಸ್ ಒತ್ತಿ. ಪರದೆ ಮಸುಕಾಗಿಯಾದರೂ ಬಂದರೆ ಡ್ರೈವರನ್ನು ತೆಗೆದು ಮತ್ತೆ ಹಾಕಬೇಕು. ಇಲ್ಲಿ ಮಾಡಿದ ಬದಲಾವಣೆ ಆ ಒಂದು ಬೂಟಿಗಷ್ಟೇ ಇರುವುದರಿಂದ ಧೈರ್ಯವಾಗಿ ಪ್ರಯೋಗ ಮಾಡಬಹುದು.

‘ಕ್ವಯಟ್ ಸ್ಪ್ಲ್ಯಾಷ್’ ಅಳಿಸುವ ಉಪಾಯ ಯಾವ ಸಮಸ್ಯೆಗೂ ಒದಗುತ್ತದೆ. ಬಣ್ಣದ ಲೋಗೋ ಸರಿದು ಕರ್ನಲ್ ಮತ್ತು ಸಿಸ್ಟಮ್‌ಡಿಯ ಸಾಲುಗಳು ಓಡತೊಡಗುತ್ತವೆ. ನಿಂತ ಸಾಲಿನ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಿ. ಒಳಗೆ ಹೋದ ಮೇಲೆ ‘ಜರ್ನಲ್‌ಸಿಟಿಎಲ್ -ಬಿ -1’ ಎಂದರೆ ಹಿಂದಿನ ಬೂಟಿನ ದಾಖಲೆ ಸಿಗುತ್ತದೆ ನಿಜ. ಆದರೆ ನಿಮ್ಮಲ್ಲಾದಂತೆ ಮುಖ್ಯ ಪಾರ್ಟಿಷನ್ ಸಿಗುವ ಮುನ್ನವೇ ಕರ್ನಲ್ ಬಿದ್ದರೆ ದಾಖಲೆ ಬರೆಯಲು ಡಿಸ್ಕೇ ಇರಲಿಲ್ಲ. ಆಗ ಉಳಿಯುವ ಸಾಕ್ಷ್ಯ ನಿಮ್ಮ ಮೊಬೈಲಿನ ಆ ಫೋಟೋ ಒಂದೇ.

ಯಂತ್ರ ಎದ್ದ ಮೇಲೆ, ಪಾಸ್‌ವರ್ಡ್ ಇಟ್ಟ ಡಿಸ್ಕ್ ನಿಮ್ಮದಾದ್ದರಿಂದ, ಇನ್ನೊಂದು ಕೆಲಸ ಇದೆ. ಆ ಪಾರ್ಟಿಷನ್ನಿನ ಮೊದಲಲ್ಲಿ ಲಕ್ಸ್ ಹೆಡರ್ ಎಂಬ ಭಾಗವಿರುತ್ತದೆ. ನೀವು ಟೈಪ್ ಮಾಡುವ ಪಾಸ್‌ವರ್ಡ್ ಡಿಸ್ಕಿನ ನಿಜವಾದ ಕೀಲಿಯಲ್ಲ. ನಿಜವಾದ ಕೀಲಿ ಆ ಹೆಡರಿನೊಳಗೆ ಮುಚ್ಚಿಟ್ಟಿರುತ್ತದೆ, ಪಾಸ್‌ವರ್ಡ್ ಅದನ್ನು ಹೊರತೆಗೆಯುತ್ತದೆ. ಹೆಡರ್ ಹಾಳಾದರೆ ಪಾಸ್‌ವರ್ಡ್ ನೆನಪಿದ್ದೂ ಫಲವಿಲ್ಲ, ಯಾವ ತಜ್ಞರಿಂದಲೂ ಆಗದು. ‘ಎಲ್‌ಎಸ್‌ಬಿಎಲ್‌ಕೆ -ಎಫ್’ ಕೊಟ್ಟರೆ ಯಾವ ಪಾರ್ಟಿಷನ್ ಎದುರು ‘ಕ್ರಿಪ್ಟೊ ಲಕ್ಸ್’ ಎಂದಿದೆ ಎಂಬುದು ಕಾಣುತ್ತದೆ. ಅದರ ಹೆಸರು ‘/ಡೆವ್/ಎನ್‌ವಿಎಂಇ0ಎನ್1ಪಿ3’ ಎಂಬಂತೆ ಏನಾದರೂ ಇರುತ್ತದೆ. ಆ ಹೆಸರು ಕೊಟ್ಟು ‘ಸುಡೊ ಕ್ರಿಪ್ಟ್‌ಸೆಟಪ್ ಲಕ್ಸ್‌ಹೆಡರ್‌ಬ್ಯಾಕಪ್’ (ಈ ಕೊನೆಯ ಪದದಲ್ಲಿ ಮಾತ್ರ ಹೆಡರ್‌ನ ಎಚ್, ಬ್ಯಾಕಪ್‌ನ ಬಿ ದೊಡ್ಡಕ್ಷರ) ಎಂದು ಬರೆದು, ಮುಂದೆ ‘--ಹೆಡರ್-ಬ್ಯಾಕಪ್-ಫೈಲ್’ ಎಂದು ಒಂದು ಫೈಲಿನ ಹೆಸರು ಕೊಡಿ. ಸಾಮಾನ್ಯವಾಗಿ 16 ಎಂಬಿಯ ಫೈಲೊಂದು ಸಿದ್ಧವಾಗುತ್ತದೆ. ಅದನ್ನು ಪೆನ್ ಡ್ರೈವಿಗೆ ಹಾಕಿ ಬೇರೆ ಕಡೆ ಜೋಪಾನವಾಗಿಡಿ, ಅದೇ ಲ್ಯಾಪ್‌ಟಾಪ್‌ನೊಳಗೆ ಬೇಡ.